ಋತುವಿಗೊಪ್ಪುವ ಯೋಗಾಭ್ಯಾಸ

ಉಡುಗೆಯನ್ನೂ ಊಟವನ್ನೂ ಋತುವಿಗೆ ತಕ್ಕಂತೆ ಬದಲಿಸುವ ನಾವು ಆಸನಗಳನ್ನು ಮಾತ್ರ ಹನ್ನೆರಡು ತಿಂಗಳೂ ಒಂದೇ ಅಳತೆಯಲ್ಲಿ ಮಾಡುವುದು ಯುಕ್ತವಲ್ಲ. ವಾಗ್ಭಟರು ಅಷ್ಟಾಂಗಹೃದಯದಲ್ಲಿ, ಬಲಶಾಲಿಗಳು ಸಹ ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡತಕ್ಕದ್ದೆಂದೂ ಉಳಿದ ಕಾಲಗಳಲ್ಲಿ ಅದು ಇನ್ನೂ ಮಂದವಾಗಿರಬೇಕೆಂದೂ ವಿಧಿಸಿರುವರು. ಘೇರಂಡಸಂಹಿತೆಯಾದರೋ ಯೋಗವನ್ನು ವಸಂತದಲ್ಲಿ ಇಲ್ಲವೆ ಶರದೃತುವಿನಲ್ಲಿ ಆರಂಭಿಸಬೇಕೆನ್ನುತ್ತದೆ. ಆದುದರಿಂದ ಮಾಗಿಯಲ್ಲಿ ಸೂರ್ಯನಮಸ್ಕಾರಗಳು ಹೆಚ್ಚಲಿ. ಬೇಸಗೆಯಲ್ಲಿ ಅವನ್ನು ತಗ್ಗಿಸಿ, ಹೊತ್ತೇರುವ ಮುನ್ನವೇ ಮುಗಿಸಿ, ಶೀತಲೀ ಪ್ರಾಣಾಯಾಮವನ್ನು ಮಾಡಬಹುದು. ಮಳೆಗಾಲದಲ್ಲಿ ಒಣಚಾಪೆಯ ಮೇಲೆ ಕೀಲುಗಳನ್ನು ನಿಧಾನವಾಗಿ ಸಡಿಲಿಸಿದ ಬಳಿಕವೇ ಆಸನಕ್ಕೆ ತೊಡಗಿರಿ. ಮೂಗಿನಿಂದ ಸಾಗುತ್ತಿದ್ದ ಉಸಿರು ಬಾಯಿಗೆ ಬಂದರೆ ಅಂದಿಗೆ ಸಾಕೆಂದು ತಿಳಿಯಿರಿ. ವೈಶಾಖದ ಉರಿಯಲ್ಲಿ ಹಟಹಿಡಿದು ಬಳಲಿದವರು ಆಷಾಢದ ಹೊತ್ತಿಗೆ ಅಭ್ಯಾಸವನ್ನೇ ತೊರೆಯುವುದನ್ನು ನಾವು ಕಂಡಿದ್ದೇವೆ. ಕಾಲವರಿತು ತಗ್ಗಿದವರೇ ವರ್ಷವಿಡೀ ನಡೆಸಬಲ್ಲರು.