ಅಕ್ಷರ ದಾಸೋಹ: ಉಗ್ರಾಣದ ಲೆಕ್ಕ, ಮಗುವಿನ ಲೆಕ್ಕ

ದಾನಕ್ಕೂ ದಾಸೋಹಕ್ಕೂ ಶರಣರು ಅಂತರವನ್ನು ಕಂಡಿದ್ದರು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ಬಾಗುತ್ತಾನೆ, ಉಣ್ಣುವವನಲ್ಲಿ ಜಂಗಮವನ್ನು ಕಾಣುತ್ತಾನೆ. ಆದುದರಿಂದಲೇ ಮಠದ ಪಂಕ್ತಿಯಲ್ಲಿ ಬಡಿಸುವವರ ದೃಷ್ಟಿ ಕೊಪ್ಪರಿಗೆಯ ಮೇಲಿರದೆ ಎಲೆಯ ಮೇಲಿರುತ್ತದೆ. ಎಷ್ಟು ಅಕ್ಕಿ ಬೆಂದಿತೆಂಬುದು ಉಗ್ರಾಣದ ಲೆಕ್ಕ. ಯಾರ ಎಲೆ ಬರಿದಾಗಿದೆ ಎಂಬುದು ದಾಸೋಹದ ಲೆಕ್ಕ.

ಕರ್ನಾಟಕ ಸರ್ಕಾರವು ಶಾಲಾಮಕ್ಕಳ ಮಧ್ಯಾಹ್ನದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ಆದೇಶಿಸಿದ ಬಳಿಕ, 2002ರಲ್ಲಿ ರಾಜ್ಯದ ಉತ್ತರ ಭಾಗದ ಏಳು ಜಿಲ್ಲೆಗಳಲ್ಲಿ ಈ ಯೋಜನೆ ಆರಂಭವಾಯಿತು. ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ಶರಣರ ಮಾತೊಂದನ್ನು ಎರವಲು ಪಡೆದ ಮೇಲೆ ಆ ಮಾತಿನ ಲೆಕ್ಕವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಆದರೆ ಸರ್ಕಾರಿ ವರದಿಗಳಲ್ಲಿ ಎದ್ದು ಕಾಣುವುದು ಉಗ್ರಾಣದ ಲೆಕ್ಕವೇ: ಇಷ್ಟು ಕೋಟಿ ಅನುದಾನ, ಇಷ್ಟು ಟನ್ ಆಹಾರಧಾನ್ಯ, ಇಷ್ಟು ಲಕ್ಷ ಫಲಾನುಭವಿಗಳು. ಕೇಂದ್ರ ಸರ್ಕಾರದ ಆಯವ್ಯಯದಲ್ಲಿ 2008-09ರಿಂದ ಮಕ್ಕಳಿಗೆ ಮೀಸಲಾದ ವೆಚ್ಚದ ಪ್ರತ್ಯೇಕ ಪಟ್ಟಿಯುಂಟು. ಅದು ಸ್ವಾಗತಾರ್ಹವೇ. ಆದರೂ ವೆಚ್ಚದ ಪಟ್ಟಿಯು ಮಗುವಿನ ಮೈಗೆ ಏನು ಹತ್ತಿತೆಂಬುದನ್ನು ಹೇಳಲಾರದು.

ಮಕ್ಕಳ ಹಕ್ಕುಗಳ ಕುರಿತ 1989ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು 1992ರಲ್ಲಿ ಸಮ್ಮತಿಯಿತ್ತಿತು. ಮಕ್ಕಳಿಗೆ ಸಂಬಂಧಿಸಿದ ಎಲ್ಲ ನಿರ್ಧಾರಗಳಲ್ಲಿಯೂ ಮಗುವಿನ ಹಿತಕ್ಕೆ ಪ್ರಧಾನ ಸ್ಥಾನವಿರಬೇಕೆಂಬುದು ಅದರ ಮೂರನೆಯ ವಿಧಿ. ಮಗುವಿನ ಅಭಿಪ್ರಾಯವನ್ನು ಕೇಳಬೇಕೆಂಬುದು ಹನ್ನೆರಡನೆಯದು. ಕಾನೂನು, ನೀತಿ, ಆಯವ್ಯಯಗಳು ಮಕ್ಕಳ ಮೇಲೆ ಬೀರುವ ಪರಿಣಾಮವನ್ನು ಮೊದಲೇ ಅಂದಾಜಿಸಬೇಕು, ಜಾರಿಯಾದ ಮೇಲೆ ಮತ್ತೆ ಅಳೆಯಬೇಕು ಎಂದು ಒಡಂಬಡಿಕೆಯ ಸಮಿತಿಯು 2003ರಲ್ಲಿ ಸ್ಪಷ್ಟಪಡಿಸಿತು. ಪಂಕ್ತಿಯಲ್ಲಿ ಬಡಿಸಿದವರಿಗೆ ಇದು ಹೊಸ ವಿಚಾರವೆನಿಸದು.

ಇಂತಹ ಅಳತೆಯ ಉದಾಹರಣೆಯೊಂದು ಈ ನಾಡಿನಲ್ಲಿಯೇ ಇದೆ. ಅದು ಮಠಗಳಿಗೆ ಮುಜುಗರ ತರುವ ಉದಾಹರಣೆಯೂ ಹೌದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆಯನ್ನು ಸೇರಿಸಲಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಹಲವು ಲಿಂಗಾಯತ ಮಠಾಧೀಶರು ವಿರೋಧಿಸಿದರು. ಅದೇ ದಿನಗಳಲ್ಲಿ ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿನಿಯರು ತಮಗೆ ಮೊಟ್ಟೆ ಬೇಕೆಂದು ಗಟ್ಟಿಯಾಗಿ ನುಡಿದರು. ಅನಂತರ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ದೊರೆತ ಯಾದಗಿರಿಯ ಮಕ್ಕಳನ್ನು ಮೊಟ್ಟೆ ದೊರೆಯದ ಗದಗದ ಮಕ್ಕಳೊಡನೆ ಹೋಲಿಸಿ ತೂಕ, ಎತ್ತರಗಳನ್ನು ಅಳೆಯಿತು. ಯಾದಗಿರಿಯ ಮಕ್ಕಳ ತೂಕದಲ್ಲಿ ಹೆಚ್ಚಿನ ಏರಿಕೆ ಕಂಡುಬಂದಿತು.

ಶಾಕಾಹಾರವು ಮಠದ ಆಚಾರ. ಅದರಲ್ಲಿ ರಾಜಿಯ ಪ್ರಶ್ನೆಯಿಲ್ಲ. ಆದರೆ ತನ್ನ ಆಚಾರವನ್ನು ಪಾಲಿಸುವುದು ಬೇರೆ, ಪರರ ಮಗುವಿನ ತಟ್ಟೆಯ ಮೇಲೆ ಕೈಯಿಡುವುದು ಬೇರೆ. ಮಠಗಳು ಎತ್ತಬೇಕಾಗಿದ್ದ ಪ್ರಶ್ನೆಯೇ ಮತ್ತೊಂದು. ಮೊಟ್ಟೆಯೊಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇರುತ್ತದೆ, ಬಾಳೆಹಣ್ಣಿನಲ್ಲಿ 1 ಗ್ರಾಂ ಆಸುಪಾಸು. ಮೊಟ್ಟೆ ತಿನ್ನದ ಮಗುವಿಗೆ ಸಮನಾದ ಪೋಷಣೆ ಎಲ್ಲಿ? ಬಾಳೆಹಣ್ಣಿಗಿಂತ ಶೇಂಗಾ ಚಿಕ್ಕಿ ಮೇಲು. ಹಾಲು, ಮೊಳಕೆಕಾಳುಗಳನ್ನು ಯಾವ ಪ್ರಮಾಣದಲ್ಲಿ ಕೊಟ್ಟರೆ ಸಮವಾದೀತೆಂಬುದನ್ನೂ ತೂಗಿ ನೋಡಬಹುದಾಗಿತ್ತು. ‘ಬೇಡ’ವೆಂಬ ಕೂಗಿನಲ್ಲಿ ಶಾಕಾಹಾರಿ ಮಗುವಿನ ಈ ಹಕ್ಕೇ ಮರೆತುಹೋಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನೊಡನೆ ಮೊಟ್ಟೆ ವಿತರಣೆಯು ವಾರದ ಆರೂ ದಿನಗಳಿಗೆ ವಿಸ್ತರಿಸಿದ ಮೇಲಂತೂ ಈ ಪ್ರಶ್ನೆ ಇನ್ನಷ್ಟು ತೂಕವನ್ನು ಪಡೆದಿದೆ.

ಅಳೆಯದೆ ಕೈಗೊಂಡ ನಿರ್ಧಾರಕ್ಕೂ ನಿದರ್ಶನ ದೂರದಲ್ಲಿಲ್ಲ. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ಕಾರಣ ಮುಚ್ಚಿದ ಶಾಲೆಗಳಲ್ಲಿ 1ರಿಂದ 5ನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಮೊದಲ ತಿಂಗಳುಗಳ ಭೀತಿ ಅರ್ಥವಾಗುವಂಥದ್ದು. ಆದರೆ ಮಾರುಕಟ್ಟೆ, ಮದುವೆ, ಚುನಾವಣೆಗಳು ನಡೆದ ಮೇಲೆಯೂ ಕಿರಿಯ ಮಕ್ಕಳೇ ಕಟ್ಟಕಡೆಗೆ ಉಳಿದರು. ಬಿಸಿಯೂಟಕ್ಕೆ ಬದಲಾಗಿ ಮನೆಗೆ ಧಾನ್ಯ ಕೊಡಲಾಯಿತು. ಬಡವರ ಮನೆಗೆ ಬಂದ ಅಕ್ಕಿ ಇಡೀ ಮನೆಯ ಅಕ್ಕಿಯಾಗುತ್ತದೆ. ಮಗುವಿನ ಪಾಲೆಂದು ಅದನ್ನು ಯಾವ ತಾಯಿ ತಾನೇ ಬೇರೆ ಎತ್ತಿಡಬಲ್ಲಳು? ಕಾಗದದ ಮೇಲೆ ಧಾನ್ಯ ತಲುಪಿತ್ತು, ಪಂಕ್ತಿ ಇಲ್ಲವಾಗಿತ್ತು. ಸಾಂಕ್ರಾಮಿಕಕ್ಕೆ ಮುನ್ನ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೇ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರಾಗಿದ್ದರು.

ಮಠದ ಭಕ್ತಾದಿಗಳಲ್ಲಿ ಅನೇಕರು ಸರ್ಕಾರಿ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿದ್ದಾರೆ. ಶಾಲೆಗೆ ಕೊಠಡಿ, ಕಾಂಪೌಂಡುಗಳನ್ನು ಕೇಳುವ ಅವರು ಮಕ್ಕಳ ತೂಕ, ಎತ್ತರಗಳ ದಾಖಲೆಯನ್ನೂ ಕೇಳಬಹುದು. ಜೂನಿನಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ ತೂಗಿ, ಮೊಟ್ಟೆ ತಿಂದವರು, ಚಿಕ್ಕಿ ತಿಂದವರು, ಏನನ್ನೂ ತಿನ್ನದವರು ಎಂದು ಬೇರೆ ಬೇರೆ ಬರೆದಿಡಲು ಬೇಕಾದುದು ಒಂದು ತಕ್ಕಡಿ, ಒಂದು ವಹಿ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಸೇರಿದಾಗ ಆ ವಹಿಯನ್ನು ಮಕ್ಕಳ ಮುಂದೆಯೇ ತೆರೆದಿಡಬಹುದು.