ಸಾವಿರ ಪಟ್ಟು ತಪ್ಪಿಗೆ ಒಂದು ಎಚ್ಚರಿಕೆಯೂ ಇಲ್ಲ

50 ಮಿಲಿಮೀಟರ್ ವ್ಯಾಸದ ಕೊಳವೆಯಲ್ಲಿ ನೀರು ಸೆಕೆಂಡಿಗೆ 20 ಮಿಲಿಮೀಟರ್ ವೇಗದಲ್ಲಿ ಹರಿಯುತ್ತಿದೆ ಎಂದಿಟ್ಟುಕೊಳ್ಳಿ. ಅದರ ರೆನಾಲ್ಡ್ಸ್ ಸಂಖ್ಯೆ ಸುಮಾರು 1000. ಅಂದರೆ ಹರಿವು ಶಾಂತ, ಸುಳಿ ಏಳುವುದಿಲ್ಲ. ಈ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಕೊಳವೆಯ ಆಕಾರವನ್ನು ಲಕ್ಷಾಂತರ ಸಣ್ಣ ತುಂಡುಗಳಾಗಿ ಒಡೆಯಬೇಕು. ಆ ತುಂಡುಗಳ ಜಾಲಕ್ಕೆ ಮೆಶ್ ಎಂದು ಹೆಸರು. ಮಿಲಿಮೀಟರಿನಲ್ಲಿ ತಯಾರಾದ ಮೆಶ್ ಫೈಲನ್ನು ಓಪನ್‌ಫೋಮ್‌ಗೆ ಒಗ್ಗಿಸಲು ‘ಫ್ಲೂಯೆಂಟ್‌ಮೆಶ್‌ಟುಫೋಮ್’ ಎಂಬ ಕಮಾಂಡ್ ಇದೆ. ಅದರ ಜೊತೆಗೆ ‘-ಸ್ಕೇಲ್ 0.001’ ಎಂದು ಬರೆಯುವುದು ಮರೆತುಹೋದರೆ ಕೊಳವೆಯ ವ್ಯಾಸ 50 ಮೀಟರ್ ಆಗುತ್ತದೆ. ರೆನಾಲ್ಡ್ಸ್ ಸಂಖ್ಯೆ 10 ಲಕ್ಷಕ್ಕೆ ಜಿಗಿಯುತ್ತದೆ. ಕಮಾಂಡ್ ಮಾತ್ರ ಏನೂ ಆಗಿಲ್ಲವೆಂಬಂತೆ ಕೆಲಸ ಮುಗಿಸುತ್ತದೆ.

ಇದಕ್ಕೆ ಬಲ್ಲವರ ಉತ್ತರ ಸಿದ್ಧವಾಗಿರುತ್ತದೆ: ಮ್ಯಾನ್ಯುಯಲ್ ಓದಬೇಕಿತ್ತು. ಪುಣೆ, ಚೆನ್ನೈಗಳ ವಾಹನ ವಿನ್ಯಾಸ ವಿಭಾಗಗಳಲ್ಲಿ ಕೆಲಸಕ್ಕೆ ಸೇರಿದ ಹೊಸಬರು ಮೊದಲ ತಿಂಗಳಲ್ಲೇ ಕೇಳಿಸಿಕೊಳ್ಳುವ ಮಾತು ಇದು. ಕೇಳಲು ಸರಿ ಎನಿಸುತ್ತದೆ, ಆದರೆ ಇದು ತಪ್ಪನ್ನು ಇರಬೇಕಾದ ಜಾಗದಿಂದ ಎತ್ತಿ ಬೇರೆಯವರ ತಲೆಗೆ ಕಟ್ಟುವ ಉಪಾಯ. ಸ್ಕೇಲ್ ಕೊಡದಿದ್ದರೆ ಅದನ್ನು 1 ಎಂದು ತಿಳಿಯಬೇಕೆಂದು ಯಾರೋ ತೀರ್ಮಾನಿಸಿದ್ದಾರೆ. ಬಳಸುವವನು ಏನೂ ಹೇಳದೆ ಇದ್ದಾಗ ಅವನ ಪರವಾಗಿ ಸಲಕರಣೆಯೇ ಮಾತಾಡಿದೆ. ಹಾಗೆ ಮಾತಾಡಿದ್ದನ್ನು ತಿಳಿಸುವ ಸೌಜನ್ಯವೂ ಅದಕ್ಕಿಲ್ಲ.

ರೋಗದ ಬೇರು ಹಳೆಯದು. 3ಡಿ ಸಿಸ್ಟಮ್ಸ್ ಕಂಪನಿ 1980ರ ದಶಕದಲ್ಲಿ ರೂಪಿಸಿದ ಎಸ್‌ಟಿಎಲ್ ಫಾರ್ಮ್ಯಾಟ್ ಇವತ್ತಿಗೂ ಎಲ್ಲೆಡೆ ಓಡಾಡುತ್ತಿದೆ. ಅದರ ಬೈನರಿ ರೂಪದಲ್ಲಿ ಮೊದಲು 80 ಬೈಟ್‌ಗಳ ತಲೆಬರಹ, ನಂತರ ತ್ರಿಕೋನಗಳ ಎಣಿಕೆ, ಆಮೇಲೆ ಪ್ರತಿ ತ್ರಿಕೋನಕ್ಕೆ 50 ಬೈಟ್. ತಲೆಬರಹಕ್ಕೆ 80 ಬೈಟ್ ಮೀಸಲಿಟ್ಟವರು ಅಳತೆ ಇಂಚೋ ಮಿಲಿಮೀಟರೋ ಎಂದು ಹೇಳಲು ಒಂದು ಬೈಟನ್ನೂ ಇಡಲಿಲ್ಲ. 2015ರಲ್ಲಿ ಬಂದ 3ಎಂಎಫ್ ಫಾರ್ಮ್ಯಾಟ್‌ನಲ್ಲಿ ಯೂನಿಟ್ ಬರೆಯಲು ಜಾಗವಿದೆ, ಜಿಎಲ್‌ಟಿಎಫ್‌ನಲ್ಲಿ ಎಲ್ಲವೂ ಮೀಟರ್ ಎಂಬ ನಿಯಮವೇ ಇದೆ. ಯೂನಿಟ್ ಇಲ್ಲದ ಫೈಲಿನಿಂದ ಯೂನಿಟ್ ಇರುವ ಫೈಲಿಗೆ ಸಂಖ್ಯೆಗಳನ್ನು ಸುಮ್ಮನೆ ಇಳಿಸಿದರೆ ಅದು ಪರಿವರ್ತನೆಯಲ್ಲ, ಊಹೆ.

ಚಿತ್ರ ನೋಡಿ ತಪ್ಪು ಹಿಡಿಯಬಹುದಲ್ಲ ಎಂದರೆ, ಅದೂ ಆಗದು. ತೆರೆಯ ಮೇಲೆ 50 ಮೀಟರಿನ ಕೊಳವೆಯೂ 50 ಮಿಲಿಮೀಟರಿನದೂ ಒಂದೇ ಥರ ಕಿಟಕಿ ತುಂಬಿ ನಿಲ್ಲುತ್ತವೆ. ಉತ್ತರ ನೋಡಿಯೂ ಗೊತ್ತಾಗದ ಸಂದರ್ಭಗಳಿವೆ. ಒಳಗಿನ ಒತ್ತಡ ತಾಳುವ ಸಿಲಿಂಡರಿನ ಗೋಡೆಯಲ್ಲಿ ಹುಟ್ಟುವ ಸ್ಟ್ರೆಸ್, ವ್ಯಾಸಕ್ಕೂ ದಪ್ಪಕ್ಕೂ ಇರುವ ಅನುಪಾತದ ಮೇಲೆ ನಿಂತಿದೆ. ಸಿಲಿಂಡರ್ ಸಾವಿರ ಪಟ್ಟು ದೊಡ್ಡದಾದರೂ ಉತ್ತರ ಅದೇ ಬರುತ್ತದೆ, ಪಠ್ಯಪುಸ್ತಕದ ಸೂತ್ರಕ್ಕೂ ತಾಳೆಯಾಗುತ್ತದೆ. ಫೈಲ್ ಪರೀಕ್ಷೆಯಲ್ಲಿ ಪಾಸಾಯಿತೆಂದು ಎಲ್ಲರೂ ನಂಬಿದ ಮೇಲೆ ಯಾರೋ ಅದಕ್ಕೆ ಸ್ವಂತ ತೂಕವನ್ನು ಸೇರಿಸುತ್ತಾರೆ. ತೂಕದಿಂದ ಬರುವ ಸ್ಟ್ರೆಸ್ ಆಗ ಸಾವಿರ ಪಟ್ಟು ಏರಿರುತ್ತದೆ. ಅಷ್ಟರಲ್ಲಿ ಪರಿವರ್ತನೆ ಮಾಡಿದ ದಿನ ಯಾರಿಗೆ ನೆನಪಿರುತ್ತದೆ?

ಅಳತೆ ಮಾತ್ರವಲ್ಲ, ಮೆಶ್‌ನ ಭಾಗಗಳೇ ಸದ್ದಿಲ್ಲದೆ ಬಿದ್ದುಹೋಗುವುದುಂಟು. ಜಿಮೆಶ್‌ನಲ್ಲಿ ಹೆಸರಿಟ್ಟ ಗುಂಪುಗಳು ಒಂದಾದರೂ ಇದ್ದರೆ, ಆ ಗುಂಪುಗಳಿಗೆ ಸೇರಿದ ತುಂಡುಗಳಷ್ಟೇ ಫೈಲಿಗೆ ಇಳಿಯುತ್ತವೆ. ನೀರು ಒಳಬರುವ ಬಾಯಿಗೆ ಹೆಸರಿಟ್ಟು ಕೊಳವೆಯ ಒಡಲಿಗೆ ಹೆಸರಿಡದವರಿಗೆ ಬಾಯಿ ಸಿಗುತ್ತದೆ, ಒಡಲು ಸಿಗುವುದಿಲ್ಲ. ‘-ಸೇವ್_ಆಲ್’ ಕೊಟ್ಟರೆ ಎಲ್ಲ ತುಂಡುಗಳೂ ಬರುತ್ತವೆ, ಆದರೆ ಕೆಲವು ಫಾರ್ಮ್ಯಾಟ್‌ಗಳಲ್ಲಿ ಹೆಸರುಗಳು ಹೋಗುತ್ತವೆ. ಎಲ್ಲವನ್ನೂ ಉಳಿಸು ಎಂಬ ಹೆಸರಿನ ಆಪ್ಷನ್ ಕೊಟ್ಟು ಕಳೆದುಕೊಳ್ಳುವ ಈ ವ್ಯವಸ್ಥೆಗೆ ಏನೆನ್ನಬೇಕು!

ಫಿನ್ಲೆಂಡಿನಿಂದ ಬಂದ ಎಲ್ಮರ್‌ಗ್ರಿಡ್‌ನದು ಇನ್ನೊಂದು ಬಗೆ. ಅಲ್ಲಿ ಫಾರ್ಮ್ಯಾಟ್‌ಗಳಿಗೆ ಹೆಸರಿಲ್ಲ, ನಂಬರುಗಳಿವೆ. ಜಿಮೆಶ್ ಫೈಲಿಗೆ 14, ಎಲ್ಮರ್‌ನ ಸ್ವಂತ ಫೈಲಿಗೆ 2. ‘ಎಲ್ಮರ್‌ಗ್ರಿಡ್ 14 2’ ಎಂಬ ಮಂತ್ರವನ್ನು ಹಿರಿಯರಿಂದ ಕಿರಿಯರು ಬಾಯಿಪಾಠ ಕಲಿಯುತ್ತಾರೆ. ಇದನ್ನಾದರೂ ಕ್ಷಮಿಸಬಹುದು. ಕಷ್ಟ ಇರುವುದು ‘-ಆಟೋಕ್ಲೀನ್’ನಲ್ಲಿ. ಹೆಸರು ಕೇಳಿದರೆ ಅಂಗಳ ಗುಡಿಸಿದಷ್ಟು ನಿರಪಾಯ, ಆದರೆ ಅದು ಗಡಿಗಳ ನಂಬರುಗಳನ್ನೂ ಹೊಸದಾಗಿ ಹಾಕುತ್ತದೆ. 7ನೆಯ ಗಡಿಯಲ್ಲಿ ಶಾಖ ಕೊಡು ಎಂದು ಬರೆದಿಟ್ಟವರ ಶಾಖ ಬೇರೊಂದು ಗೋಡೆಗೆ ತಗಲಬಹುದು.

ಇವೆಲ್ಲ ಉಚಿತವಾಗಿ ಸಿಗುವ, ಪ್ರತಿಭಾವಂತರು ವರ್ಷಗಟ್ಟಲೆ ದುಡಿದು ಕೊಟ್ಟ ಸಲಕರಣೆಗಳು. ಆ ಋಣ ದೊಡ್ಡದು, ಆದರೆ ದೂರಿನ ಬಾಯಿ ಮುಚ್ಚಿಸಲು ಅದನ್ನು ಬಳಸಬಾರದು.

ಯುನಿಕ್ಸ್ ಪರಂಪರೆಯಲ್ಲಿ ಮೌನವೇ ಯಶಸ್ಸಿನ ಗುರುತು ಎಂಬ ವಾದವೂ ಇದೆ. ಫೈಲನ್ನು ನಕಲು ಮಾಡುವ ‘ಸಿಪಿ’ ಕಮಾಂಡಿಗೆ ಅದು ಒಪ್ಪುತ್ತದೆ. ಅಲ್ಲಿ ಏನೂ ಕಳೆಯುವುದಿಲ್ಲ, ಏನನ್ನೂ ಊಹಿಸಬೇಕಿಲ್ಲ. ಮೆಶ್ ಪರಿವರ್ತನೆಯಲ್ಲಿ ಎರಡೂ ನಡೆಯುತ್ತವೆ. ಒಳಬಂದ ಫೈಲಿನಲ್ಲಿ ಯೂನಿಟ್ ಇಲ್ಲದಿದ್ದರೆ, ಬಳಸುವವರೂ ಹೇಳದಿದ್ದರೆ, ಸಲಕರಣೆ ಕೆಲಸ ನಿಲ್ಲಿಸಬೇಕು. ಒಳಬಂದ ತುಂಡುಗಳೆಷ್ಟು, ಹೊರಹೋದವೆಷ್ಟು, ಉದ್ದಗಲ ಎಷ್ಟು ಮೀಟರ್ ಎಂದು ಕೊನೆಯಲ್ಲಿ ಎರಡು ಸಾಲು ಬರೆಯಬೇಕು. ಮೌನ ಬೇಕಾದವರು ಅದಕ್ಕೊಂದು ಆಪ್ಷನ್ ಕೊಟ್ಟು ಕೇಳಿ ಪಡೆಯಲಿ.

ಹಾಗೆ ಮಾಡಿದರೆ ಹಳೆಯ ಸ್ಕ್ರಿಪ್ಟ್‌ಗಳು ಮುರಿಯುತ್ತವೆ ಎಂಬ ಹೆದರಿಕೆ ನಿಜವೇ. ಆದರೆ 2018ರಲ್ಲಿ ಜಿಮೆಶ್ ನಾಲ್ಕನೆಯ ಆವೃತ್ತಿ ತನ್ನ ಡೀಫಾಲ್ಟ್ ಫಾರ್ಮ್ಯಾಟನ್ನೇ ಬದಲಿಸಿತು. ಹಳೆಯದನ್ನಷ್ಟೇ ಓದಬಲ್ಲ ಪರಿವರ್ತಕಗಳಿಗೆ ಅದು ದಕ್ಕಲಿಲ್ಲ. ಜನ ‘-ಫಾರ್ಮ್ಯಾಟ್ ಎಂಎಸ್‌ಎಚ್2’ ಎಂದು ಸೇರಿಸಿ ಮುಂದೆ ಹೋದರು. ಕಣ್ಣೆದುರು ಮುರಿದದ್ದನ್ನು ಸರಿಪಡಿಸಲು ಅಷ್ಟು ಸಾಕಾಯಿತು. ಸ್ಕೇಲ್ ಮರೆತ ಕೊಳವೆಗೆ ಆ ಭಾಗ್ಯವಿಲ್ಲ. ಓಪನ್‌ಫೋಮ್‌ನಲ್ಲೇ ‘ಚೆಕ್‌ಮೆಶ್’ ಎಂಬ ಕಮಾಂಡ್ ಇದ್ದು, ಅದು ಮೆಶ್‌ನ ಉದ್ದ, ಅಗಲ, ಎತ್ತರ ಎಲ್ಲಿಂದ ಎಲ್ಲಿಯವರೆಗೆ ಎಂದು ಮುದ್ರಿಸುತ್ತದೆ. ಅದೇ ಸಾಲನ್ನು ಪರಿವರ್ತಕ ತಾನೇ ಹೇಳುವ ತನಕ, ಬಳಸುವವರು ಪ್ರತಿ ಪರಿವರ್ತನೆಯ ಕೆಳಗೆ ಚೆಕ್‌ಮೆಶ್ ಅನ್ನು ಕೈಯಾರೆ ಬರೆದುಕೊಳ್ಳಬೇಕಾಗಿದೆ.