ಹುಸಿಮೀನಿನ ಮೂಗುದಾರ

ಆಷಾಢದ ಗಾಳಿಯಲ್ಲಿ ಗಾಳಿಪಟ ಹಾರಿಸಿದ ಯಾವ ಹುಡುಗನಿಗೂ ಸೂತ್ರವೆಂದರೇನೆಂದು ವಿವರಿಸಬೇಕಾಗಿಲ್ಲ. ಕಾಗದ, ಕಡ್ಡಿ, ಬಾಲಂಗೋಚಿ ಎಲ್ಲವೂ ಸರಿಯಾಗಿದ್ದರೂ ಸೂತ್ರದ ಗಂಟು ಒಂದು ಬೆರಳಿನಷ್ಟು ಅತ್ತಿತ್ತಾದರೆ ಪಟ ಗಿರ್ರನೆ ಸುತ್ತಿ ತಲೆಕೆಳಗಾಗಿ ಬೀಳುತ್ತದೆ. ಆಗ ಜಾಣನಾದವನು ಕಾಗದವನ್ನು ಹರಿಯುವುದಿಲ್ಲ. ಸೂತ್ರವನ್ನು ಬಿಚ್ಚಿ ಮತ್ತೆ ಕಟ್ಟುತ್ತಾನೆ. ಗಾಳಿಯಲ್ಲಿ ಬಾಲ್ಯದಲ್ಲಿಯೇ ಕಲಿತ ಈ ಪಾಠವನ್ನು ನಾವು ನೀರಿನಲ್ಲಿ ಮರೆತುಬಿಡುತ್ತೇವೆ. ಈ ಮರೆವಿನ ಒಂದು ನಿದರ್ಶನವನ್ನು ವಿದ್ಯಾರ್ಥಿಮಿತ್ರರ ಮುಂದಿಟ್ಟು, ನಮ್ಮ ಶಾಲೆಗಳ ಪ್ರಯೋಗಪಾಠದ ವಿಚಾರವಾಗಿ ನನಗೆ ತೋರಿದ ಒಂದು ಮಾತನ್ನು ಹೇಳುವುದು ಈ ಲೇಖನದ ಉದ್ದೇಶ.

ಕಳೆದ ಬೇಸಗೆಯ ರಜೆಯಲ್ಲಿ ನಾನು ಚಿಕ್ಕನಾಯಕನಹಳ್ಳಿಯ ಬಳಿ ಅಣ್ಣನ ತೋಟದಲ್ಲಿದ್ದೆ. ಅಣ್ಣನ ಮಗ ಪ್ರೌಢಶಾಲೆಯ ವಿದ್ಯಾರ್ಥಿ. ಯಾವ ತೆಂಗಿನ ಮಟ್ಟೆಯನ್ನು ಕೆತ್ತಿ ನಮ್ಮ ಸೀಮೆಯ ಹುಡುಗರು ಕ್ರಿಕೆಟ್ ಬ್ಯಾಟು ಮಾಡಿಕೊಳ್ಳುತ್ತಾರೆಯೋ ಅದೇ ಒಣ ಮಟ್ಟೆಯ ತುಂಡಿನಿಂದ ಅವನು ಒಂದು ಮರದ ಮೀನನ್ನು ಕೆತ್ತಿದ್ದ. ಪಾಶ್ಚಾತ್ಯರು ಇದನ್ನು ಕ್ರ್ಯಾಂಕ್‌ಬೇಟ್ ಎನ್ನುತ್ತಾರೆ. ನಾವು ಹುಸಿಮೀನು ಎನ್ನೋಣ. ಇದರ ಗದ್ದದ ಕೆಳಗೆ ಮುಂಚಾಚಿದ ಒಂದು ತುಟಿ ಇರುತ್ತದೆ; ಹುಡುಗ ಅದನ್ನು ತೆಂಗಿನ ಕರಟದಿಂದ ಉಜ್ಜಿ ಮಾಡಿದ್ದ. ದಾರ ಕಟ್ಟಿ ಎಳೆದಾಗ ನೀರು ಈ ಓರೆಯಾದ ತುಟಿಯನ್ನು ಕೆಳಕ್ಕೆ ಒತ್ತುತ್ತದೆ; ಹುಸಿಮೀನು ಮುಳುಗಿ ನಿಜವಾದ ಮೀನಿನಂತೆ ಅತ್ತಿತ್ತ ಓಲಾಡುತ್ತ ಸಾಗುತ್ತದೆ. ತುಟಿಯ ಎರಡು ಅಂಚುಗಳಿಂದ ಸರದಿಯಂತೆ ಕಳಚಿಕೊಳ್ಳುವ ನೀರಿನ ಸುಳಿಗಳು ಈ ಓಲಾಟಕ್ಕೆ ಮುಖ್ಯ ಕಾರಣ. ಇಂಥ ಸುಳಿಗಳ ಸಾಲಿನ ಗಣಿತವನ್ನು ಥಿಯೊಡೋರ್ ಫಾನ್ ಕಾರ್ಮಾನ್ 1911ರ ಸುಮಾರಿಗೆ ನಿರೂಪಿಸಿದನು.

ತೋಟದ ನೀರಿನ ತೊಟ್ಟಿಯಲ್ಲಿ ಪರೀಕ್ಷಿಸಿದಾಗ ಹುಡುಗನ ಹುಸಿಮೀನು ನೆಟ್ಟಗೆ ಬರಲಿಲ್ಲ. ಎಳೆಯುವವನ ಬಲಗಡೆಗೆ ಓಡಿ ಮಗ್ಗುಲಾಗಿ ಮಲಗಿಬಿಟ್ಟಿತು. ಅವನು ನಾಲ್ಕು ಸಂಜೆ ಅದರ ಮೈಯನ್ನು ಉಜ್ಜಿದ; ತುಟಿಯನ್ನು ಕಿತ್ತು ಹೊಸದನ್ನು ಕೂಡಿಸಿದ. ರೋಗ ಹೋಗಲಿಲ್ಲ. “ಚಿಕ್ಕಪ್ಪ, ಇದು ಹುಟ್ಟಿನಿಂದಲೇ ಸೊಟ್ಟ. ಒಲೆಗೆ ಹಾಕುತ್ತೇನೆ” ಎಂದ. “ಮೈಯನ್ನು ಬಿಡಪ್ಪ, ಮೂಗನ್ನು ನೋಡು” ಎಂದೆ. ದಾರ ಕಟ್ಟುವ ತಂತಿಯ ಕೊಂಡಿಯನ್ನು ಅವನು ಎಲ್ಲಕ್ಕೂ ಕೊನೆಯಲ್ಲಿ, ಬೇಸರದ ಕೆಲಸವೆಂದು ಅವಸರದಿಂದ ಚುಚ್ಚಿದ್ದ.

ಇನ್ನು ಕೊಂಡಿಯನ್ನು ಯಾವ ಕಡೆಗೆ ಬಗ್ಗಿಸಬೇಕು? ಇಲ್ಲಿ ಹುಡುಗ ಜಾಣತನದ ತರ್ಕವನ್ನೇ ಹೂಡಿದ. ನಮ್ಮ ಕಡೆಗೆ ಬರುವ ಗಾಡಿಯ ಒಂದು ಮೂಲೆಗೆ ಹಗ್ಗ ಕಟ್ಟಿ ಎಳೆದರೆ ಆ ಮೂಲೆ ಮುಂದಾಗಿ ಗಾಡಿಯ ಮೂತಿ ಎದುರು ಬದಿಗೆ ತಿರುಗುತ್ತದೆ. ಆದ್ದರಿಂದ ಬಲಕ್ಕೆ ಓಡುವ ಹುಸಿಮೀನನ್ನು ಎಡಕ್ಕೆ ತಿರುಗಿಸಲು ಕೊಂಡಿಯನ್ನು ಬಲಕ್ಕೇ ಬಗ್ಗಿಸಬೇಕು! ಹಾಗೆಯೇ ಮಾಡಿದ. ಹುಸಿಮೀನು ಮೊದಲಿಗಿಂತ ಬೇಗ ಮಗ್ಗುಲಾಯಿತು. ಬಳಿಕ ಎಡಕ್ಕೆ, ಕೂದಲೆಳೆಯಷ್ಟು ಬಗ್ಗಿಸಿದ. ಅದು ತೊಟ್ಟಿಯ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಈಜಿಕೊಂಡು ಬಂದಿತು. ಓಡುವ ದಿಕ್ಕಿಗೆ ಎದುರಾಗಿ ಕೊಂಡಿಯನ್ನು ಬಗ್ಗಿಸು ಎಂಬುದು ಅನುಭವಸ್ಥ ಗಾಳಗಾರರ ನಿಯಮ. ತೊಟ್ಟಿಯೂ ಅದನ್ನೇ ಹೇಳಿತು.

ತರ್ಕ ತಪ್ಪಿದ್ದೆಲ್ಲಿ? ಗಾಡಿ ನೆಲದ ಮೇಲೆ ನಿಂತಿದೆ, ಹೊರಳಲಾರದು. ಹುಸಿಮೀನು ನೀರಿನೊಳಗಿದೆ, ಹೊರಳಬಲ್ಲುದು. ದಾರ ಅದನ್ನು ಮುಂದಕ್ಕೆ ಮಾತ್ರವಲ್ಲ, ಮೇಲಕ್ಕೂ ಎಳೆಯುತ್ತದೆ. ಕೊಂಡಿ ಎಡಕ್ಕೆ ಸರಿದಿದ್ದರೆ ಈ ಮೇಲ್ಮುಖವಾದ ಸೆಳೆತ ಎಡಮಗ್ಗುಲನ್ನು ಎತ್ತುತ್ತದೆ. ಆಗ ನೇರ ಕೆಳಕ್ಕೆ ಒತ್ತುತ್ತಿದ್ದ ತುಟಿಯ ಬಲ ಓರೆಯಾಗಿ ಕೆಳಕ್ಕೂ ಎಡಕ್ಕೂ ಒತ್ತತೊಡಗಿ, ಹುಸಿಮೀನು ಎಡಕ್ಕೆ ಸಾಗುತ್ತದೆ. ಮೂತಿ ತಿರುಗುವುದಕ್ಕಿಂತ ಮೈ ಹೊರಳುವುದೇ ಇಲ್ಲಿ ಬಲವಾದ ಕಾರಣವೆಂದು ನನ್ನ ಅಭಿಪ್ರಾಯ.

ಕೂದಲೆಳೆಯಷ್ಟು ಬಾಗುವಿಕೆಗೆ ಇಷ್ಟು ಫಲವೇ ಎಂದು ಕೇಳುವವರಿಗೆ ಒಂದು ಚಿಕ್ಕ ಲೆಕ್ಕ. ಹುಸಿಮೀನಿನ ತೂಕ 10 ಗ್ರಾಂ ಇರಲಿ. ಅದರ ಗುರುತ್ವಕೇಂದ್ರ ತೇಲಿಕೆಯ ಕೇಂದ್ರಕ್ಕಿಂತ 2 ಮಿಲಿಮೀಟರು ಕೆಳಗಿರಲಿ. ಅದು 30 ಡಿಗ್ರಿ ಹೊರಳಿದಾಗ ಮತ್ತೆ ನೆಟ್ಟಗಾಗಿಸುವ ಭ್ರಾಮಕ 10 × 2 × ½, ಎಂದರೆ 10 ಗ್ರಾಂ-ಮಿಲಿಮೀಟರು. ದಾರದ ಸೆಳೆತ 60 ಗ್ರಾಂ ತೂಕದಷ್ಟಿದ್ದು, ದಾರ ನೀರಿನ ಮಟ್ಟಕ್ಕೆ 30 ಡಿಗ್ರಿ ಓರೆಯಾಗಿದ್ದರೆ ಮೇಲಕ್ಕೆ ಎಳೆಯುವ ಅಂಶ 30 ಗ್ರಾಂ. ಕೊಂಡಿ ಕೇವಲ ಮೂರರಲ್ಲೊಂದು ಮಿಲಿಮೀಟರು ಪಕ್ಕಕ್ಕೆ ಸರಿದರೂ ಹೊರಳಿಸುವ ಭ್ರಾಮಕ 10 ಗ್ರಾಂ-ಮಿಲಿಮೀಟರು! ತುಟಿಯೂ ಮೈಯೂ ನೀರಿನಿಂದ ಪಡೆಯುವ ಬಲಗಳನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇನೆ. ಆದರೂ ನಾಲ್ಕು ಸಂಜೆಯ ಉಜ್ಜಾಟದಿಂದ ಆಗದ ಕೆಲಸ ಇಕ್ಕಳದ ಒಂದು ಒತ್ತಿನಿಂದ ಆದದ್ದೇಕೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಕೊಂಡಿಯನ್ನು ಹೇಗೆ ಮಾಡಬೇಕು? ಅಂಗಡಿಯಲ್ಲಿ ಸಿಗುವ ತಿರುಪಿನ ಕೊಂಡಿ ಸುಲಭ. ತಿರುಗಿಸಿದರೆ ದಿಕ್ಕು ಬದಲಾಗುತ್ತದೆ. ಆದರೆ ಪದೇ ಪದೇ ತಿರುಗಿಸಿದರೆ ಮೆದುವಾದ ಮಟ್ಟೆಯಲ್ಲಿ ಅದರ ಹಿಡಿತ ಸಡಿಲವಾಗುತ್ತದೆ. ಆ ಸಂದಿನಿಂದ ನೀರು ಒಳಸೇರುತ್ತದೆ. ಇಂದು ಹೊಂದಿಸಿದ್ದು ನಾಳೆ ಕೆಡುತ್ತದೆ. ಮೂತಿಯಿಂದ ಬಾಲದವರೆಗೆ ಮೈಯೊಳಗೆ ಹಾದುಹೋಗುವ ಒಂದೇ ತಂತಿಯ ತುದಿಯನ್ನು ಮಡಿಚಿ ಮಾಡಿದ ಕೊಂಡಿ ಮೇಲೆಂದು ನನ್ನ ಮತ. ತಂತಿ ತೀರ ಮೆದುವಾದರೆ ಬಗ್ಗಿಸಿದ ಸ್ಥಿತಿಯಲ್ಲಿ ನಿಲ್ಲದು. ತೀರ ಗಡುಸಾದರೆ ಪುಟಿದು ಹಿಂದಕ್ಕೆ ಬರುತ್ತದೆ. ಬಳೆಯ ಅಗಲವೂ ಮುಖ್ಯ. ಅಡ್ಡಲಾಗಿ ಮಲಗಿದ ಅಗಲವಾದ ಬಳೆಯಲ್ಲಿ ಗಂಟು ಎಡಬಲಕ್ಕೆ ಜಾರಿ ಪ್ರತಿ ಎಳೆತಕ್ಕೂ ದಾರಿ ಬದಲಾಗುತ್ತದೆ. ನಿಂತಿರುವ ಬಳೆಯಲ್ಲಿ ಗಂಟು ಮೇಲೆಕೆಳಗೆ ಜಾರಿದರೆ ಮುಳುಗುವ ಆಳವೂ ಓಲಾಟವೂ ಬದಲಾಗುತ್ತವೆ. ಆದುದರಿಂದ ಬಳೆ ಚಿಕ್ಕದಾಗಿರಲಿ, ನಿಂತಿರಲಿ, ಗಂಟು ಒಂದೇ ಎಡೆಯಲ್ಲಿ ಕೂತಿರಲಿ. ಕೊಂಡಿಯನ್ನು ತುಟಿಯ ಮೇಲೆಯೇ ಮುಂದಕ್ಕೆ ಕೂಡಿಸುವುದು ಆಳಕ್ಕೆ ಮುಳುಗಬೇಕಾದ ಹುಸಿಮೀನುಗಳ ರಚನೆ. ಮೊದಲ ಬಾರಿ ಮಾಡುವವರು ಮೂತಿಯ ಮೇಲೆಯೇ ಕೂಡಿಸಿದರೆ ಸಾಕು.

ಇದನ್ನು ಆಟವೆಂದು ತಳ್ಳಿಹಾಕುವಂತಿಲ್ಲ. ಗಾಳ ಬೀಸುವ ಕಲೆಯ ಪ್ರಸಿದ್ಧ ಗ್ರಂಥವಾದ ಎಚ್. ಎಸ್. ಥಾಮಸರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಅಚ್ಚಾಯಿತು. ಫಿನ್ಲೆಂಡಿನ ಬಡ ಬೆಸ್ತ ಲೌರಿ ರಾಪಲ 1936ರಲ್ಲಿ ಚಮ್ಮಾರನ ಚೂರಿಯಿಂದ ಬೆಂಡನ್ನು ಕೆತ್ತಿ, ಚಾಕೊಲೇಟಿನ ತಗಡುಕಾಗದ ಸುತ್ತಿ, ಕರಗಿಸಿದ ಛಾಯಾಚಿತ್ರದ ಫಿಲ್ಮನ್ನು ಬಳಿದು ತನ್ನ ಹುಸಿಮೀನನ್ನು ಮಾಡಿದನು. ಅವನ ಹೆಸರಿನ ಸಂಸ್ಥೆ ಲೋಕಪ್ರಸಿದ್ಧವಾದ ಮೇಲೂ ಕೈಯಿಂದ ಹೊಂದಿಸಿ ತೊಟ್ಟಿಯಲ್ಲಿ ಪರೀಕ್ಷಿಸುವುದನ್ನೇ ತನ್ನ ಹಿರಿಮೆಯೆಂದು ಹೇಳಿಕೊಂಡಿತು. ಕಾರ್ಖಾನೆಯ ಸರಕಿಗೇ ತೊಟ್ಟಿಯ ತೀರ್ಪು ಬೇಕೆಂದ ಮೇಲೆ ಮನೆಯ ಸರಕು ಮೊದಲ ದಿನವೇ ನೆಟ್ಟಗೆ ಬರಲಿಲ್ಲವೆಂದು ಎದೆಗುಂದುವುದೇಕೆ?

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ನಮ್ಮ ಶಾಲೆಗಳ ಪ್ರಯೋಗದ ಪುಸ್ತಕದಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಲೋಲಕದ ಅಳತೆ ತಪ್ಪಿದರೆ ವಿದ್ಯಾರ್ಥಿ ತಪ್ಪನ್ನು ಹುಡುಕುವುದಿಲ್ಲ, ಪಕ್ಕದವನ ಅಂಕಿಯನ್ನು ಬರೆದುಕೊಳ್ಳುತ್ತಾನೆ. ಕೆಟ್ಟ ಯಂತ್ರದ ಮುಂದೆ ನಿಂತು, ದೋಷ ಎಲ್ಲಿದೆಯೆಂದು ಊಹಿಸಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಊಹೆ ಸುಳ್ಳಾದರೆ ಅದನ್ನು ಒಪ್ಪಿಕೊಳ್ಳುವ ಅಭ್ಯಾಸವನ್ನು ಇಂಥ ಪುಸ್ತಕ ಕಲಿಸಲಾರದು. ಹುಸಿಮೀನು ಕಲಿಸುತ್ತದೆ. ಅದರ ಮುಂದೆ ಪಕ್ಕದವನ ಅಂಕಿ ನಡೆಯದು. ನಮ್ಮ ಹುಡುಗ ತನ್ನ ಸೊಗಸಾದ ತರ್ಕ ನೀರಿನಲ್ಲಿ ಮಗುಚಿದ್ದನ್ನು ಕಣ್ಣಾರೆ ಕಂಡನಲ್ಲ, ಆ ಗಳಿಗೆ ಹತ್ತು ಪ್ರಯೋಗಗಳಿಗೆ ಸಮ. ತುಮಕೂರು ಸೀಮೆಯ ಪ್ರತಿ ಪ್ರೌಢಶಾಲೆಯೂ ಇದನ್ನು ಒಂದು ಪ್ರಯೋಗವಾಗಿ ಇಟ್ಟುಕೊಳ್ಳಬೇಕೆಂದು ನಾನು ಹೇಳುತ್ತೇನೆ. ಮಟ್ಟೆ, ಕರಟ, ತಂತಿ, ನೂಲು: ಖರ್ಚು ಎಷ್ಟೆಂದು ತೆಂಗಿನ ನಾಡಿನವರಿಗೆ ಹೇಳಬೇಕೆ?

ಜೀವಹಿಂಸೆಯನ್ನು ಒಪ್ಪದ ಮನೆಗಳು ನಮ್ಮಲ್ಲಿ ಬಹಳ; ಅವರು ಇದನ್ನು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದು; ಅದಕ್ಕೆ ಉತ್ತರವೂ ಇದೆ. ಪ್ರಯೋಗದ ಹುಸಿಮೀನಿಗೆ ಗಾಳವೇ ಬೇಡ. ಗಾಳದ ಬದಲು ಅಷ್ಟೇ ತೂಕದ ತಂತಿಯ ಉಂಗುರ ತೂಗುಹಾಕಿದರೆ ಆಯಿತು. ಮೀನು ಹಿಡಿಯುವ ಮನೆಯ ಮಕ್ಕಳಿಗೂ ಒಂದು ಮಾತು: ಕೊರವ ಮೀನಿನ ಜೋಡಿ ತನ್ನ ಮರಿಗಳ ಹಿಂಡನ್ನು ಕಾದುಕೊಂಡಿರುವಾಗ ಹತ್ತಿರ ಬಂದ ಹುಸಿಮೀನಿನ ಮೇಲೆ ಸಿಟ್ಟಿನಿಂದ ಎರಗುತ್ತದೆ. ಆಗ ತಾಯಿತಂದೆಯನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು. ಅಂಥ ಸುಲಭದ ಬೇಟೆ ಜಾಣತನವಲ್ಲ.

ಇದಕ್ಕಿಂತ ಮುಖ್ಯವಾದದ್ದು, ಪ್ರಯೋಗಕ್ಕೆಂದು ಯಾರೂ ಕೆರೆಗೆ ಇಳಿಯಬಾರದು. ಹೂಳೆತ್ತಿದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ. ತೋಟದ ಆಳವಿಲ್ಲದ ತೊಟ್ಟಿ, ಒಂದು ಉದ್ದನೆಯ ಕೋಲು, ಬಳಿಯಲ್ಲಿ ಒಬ್ಬ ಹಿರಿಯರು ಇಷ್ಟಿದ್ದರೆ ಸಾಕು. ತೂಕಕ್ಕಾಗಿ ಸೀಸವನ್ನು ಮನೆಯಲ್ಲಿ ಕರಗಿಸುವುದು ಬೇಡ, ಸೀಸ ವಿಷ. ಕಬ್ಬಿಣದ ಮೊಳೆಯ ತುಂಡು ಅದೇ ಕೆಲಸ ಮಾಡುತ್ತದೆ.

ಊರಿಗೆ ಹೊರಡುವ ದಿನ ಹುಡುಗ ಎರಡನೆಯ ಹುಸಿಮೀನನ್ನು ಕೈಗೆತ್ತಿಕೊಂಡಿದ್ದ. ಈ ಸಲ ಮೊದಲು ತಂತಿಯನ್ನು ಬಗ್ಗಿಸಿ, ಮಟ್ಟೆಯ ಮೇಲೆ ನಡುಗೆರೆ ಎಳೆದು, ಕೊಂಡಿಯ ಸ್ಥಾನವನ್ನು ಅಳೆದು ಗುರುತಿಸಿ, ಆಮೇಲೆ ಚೂರಿ ಹಿಡಿದ. ಎಷ್ಟೇ ಬಲವಾದ ಎತ್ತನ್ನೂ ರೈತ ನಡೆಸುವುದು ಮೂಗುದಾರದಿಂದ. ದೊಡ್ಡ ದೋಷಕ್ಕೆ ದೊಡ್ಡ ಕಾರಣವನ್ನೇ ಹುಡುಕುವ ಮುನ್ನ, ಎಳೆತ ಎಲ್ಲಿ ತಗಲುತ್ತಿದೆಯೆಂದು ಒಮ್ಮೆ ನೋಡುವುದು ಲೇಸು.